ಅತ್ತೆ ತೊಳೆದ ನೆಲ

ಕೆಳಗಿನ ಮನೆಯ ಟೈಲರ್ ಮೆಟ್ಟಿಲ ತಿರುವಿನಲ್ಲಿ ಎದುರಾದಾಗ ಸೊಸೆಗೆ ಆಗಲೇ ಹೊತ್ತಾಗಿತ್ತು. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವುದು ಅವಳ ಕೆಲಸ. ಬೆಳಗಿನ ಮೊದಲ ಶಿಷ್ಯ ಹಲ್ಲಿನ ಡಾಕ್ಟರು. ಗೇರ್ ಹಾಕುವಾಗಲೂ ದವಡೆಹಲ್ಲು ಕೀಳುವವರ ಹಾಗೆ ಎಳೆಯುವ ಮನುಷ್ಯ. ಅವರನ್ನು ಕಾಯಿಸಿದರೆ ಆ ಸಿಟ್ಟೂ ಗೇರಿನ ಮೇಲೆಯೇ ತೀರುತ್ತಿತ್ತು. ಆದರೂ ಟೈಲರ್ ಮುಖ ನೋಡಿ ಅವಳು ನಿಂತಳು. ಕತ್ತಿನಲ್ಲಿ ಅಳತೆ ಪಟ್ಟಿ ಜೋತುಬಿದ್ದಿತ್ತು, ಕೈಯಲ್ಲಿ ಒಂದು ಒದ್ದೆ ಬಟ್ಟೆ ಇತ್ತು.

ಟೈಲರ್ ಮೊದಲು ಚಳಿಯ ವಿಷಯ ತೆಗೆದ. ಆಮೇಲೆ ಅತ್ತೆಯ ಆರೋಗ್ಯ ವಿಚಾರಿಸಿದ. ಮಾತು ಸುತ್ತಿ ಬಳಸಿ ಎಲ್ಲೆಲ್ಲೋ ಹೋಗಿ ಕೊನೆಗೂ ದಾರಿಗೆ ಬಾರದಿದ್ದಾಗ, ಒಂದು ನಿಮಿಷ ಒಳಗೆ ಬಂದು ಹೋಗಲು ಸಾಧ್ಯವೇ ಎಂದು ಕೇಳಿದ. ಮುಂದಿನ ಕೋಣೆಯೇ ಅವನ ಹೊಲಿಗೆಯ ಜಾಗ. ಅಲ್ಲಿ ಹೊಲಿಗೆ ಮೆಷಿನ್ನು ಗೋಡೆಗೆ ಅಂಟಿಕೊಂಡು ಕೂತಿತ್ತು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಕೋಣೆಯ ನಡುವೆ, ಫ್ಯಾನ್ ಹಾಕಲೆಂದು ಬಿಟ್ಟಿದ್ದ ಕೊಂಡಿಯಿಂದ, ಒಂದು ದೊಡ್ಡ ಕಪ್ಪು ಕೊಡೆ ತಲೆಕೆಳಗಾಗಿ ತೂಗುತ್ತಿತ್ತು. ಅದರೊಳಕ್ಕೆ ಸೀಲಿಂಗಿನಿಂದ ನೀರು ಟಪ್ ಟಪ್ ಎಂದು ಬೀಳುತ್ತಿತ್ತು. ಸೀಲಿಂಗಿನ ಮೇಲೆ ಕಂದು ಬಣ್ಣದ ಕಲೆ, ಒಂದರೊಳಗೊಂದು ಬಳೆಯಿಟ್ಟ ಹಾಗೆ ಹಬ್ಬಿತ್ತು.

ಸೊಸೆ ತಲೆಯೆತ್ತಿ ಲೆಕ್ಕ ಹಾಕಿದಳು. ಸರಿಯಾಗಿ ತಮ್ಮ ಅಡುಗೆಕೋಣೆಯ ಕೆಳಗೆ.

"ಪೈಪ್ ಒಡೆದಿರಬೇಕು ಅಂತ ಮಾಡಿದ್ದೆ ತಂಗಿ," ಎಂದ ಟೈಲರ್. "ಆಮೇಲೆ ಗೊತ್ತಾಯ್ತು. ಮೇಲೆ ಬಕೆಟ್ ಸದ್ದಾಗಿ ಒಂದರ್ಧ ಗಂಟೆಗೆ ಶುರುವಾಗುತ್ತೆ. ಮಧ್ಯಾಹ್ನಕ್ಕೆ ನಿಲ್ಲುತ್ತೆ. ಅಮ್ಮಾವ್ರಿಗೆ ಮಾತ್ರ ನಾನು ಹೇಳ್ದೆ ಅನ್ಬೇಡಿ."

ಅಮ್ಮಾವ್ರು ಎಂದರೆ ಸೊಸೆಯ ಅತ್ತೆ. ಆಕೆ ದೊಡ್ಡಾಸ್ಪತ್ರೆಯೊಂದರಲ್ಲಿ ವಾರ್ಡುಗಳನ್ನು ಸ್ವಚ್ಛ ಮಾಡಿಸುವ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಿಯಾದವರು. ಅವರ ಕಾಲದಲ್ಲಿ ವಾರ್ಡಿನ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತಂತೆ. ದೊಡ್ಡ ಡಾಕ್ಟರೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರಂತೆ. ಕೆಲಸ ಬಿಟ್ಟರೂ ಕೈ ಬಿಡಲಿಲ್ಲ. ಮಗನ ಮನೆಯಲ್ಲಿ ಪ್ರತಿ ಬೆಳಿಗ್ಗೆ ಅಡುಗೆಕೋಣೆಗೆ ಬಕೆಟ್ಟುಗಟ್ಟಲೆ ನೀರು ಸುರಿದು, ಉದ್ದ ಹಿಡಿಯ ಬ್ರಶ್ಶಿನಿಂದ ಉಜ್ಜಿ, ರಬ್ಬರ್ ಪಟ್ಟಿಯಿಂದ ನೀರನ್ನು ಮೋರಿಗೆ ತಳ್ಳುವುದು ಅವರ ನೇಮ. ವಾರಕ್ಕೊಮ್ಮೆ ಟೈಲ್ಸ್ ನಡುವಿನ ಸಂದುಗಳಿಗೆ ಪಾಯಿಖಾನೆ ತೊಳೆಯುವ ಆಸಿಡ್ಡಿನ ಅಭಿಷೇಕ. ಗೆರೆಗಳು ಬೆಳ್ಳಗೆ ಹಲ್ಲು ಕಿಸಿದಂತೆ ಕಾಣಬೇಕು, ಆಗಲೇ ಅವರಿಗೆ ತಿಂಡಿ ಗಂಟಲಲ್ಲಿ ಇಳಿಯುವುದು.

ಹಲ್ಲಿನ ಡಾಕ್ಟರ ಪಕ್ಕದಲ್ಲಿ ಕೂತು, ಕಾಲನ್ನು ತನ್ನ ಕಡೆಯ ಬ್ರೇಕಿನ ಮೇಲಿಟ್ಟುಕೊಂಡು, ಸೊಸೆ ಈ ಕಥೆಯನ್ನು ಸುಮ್ಮನೆ ಹೇಳಿದಳು. ಡಾಕ್ಟರಿಗೆ ರಸ್ತೆಗಿಂತ ಇದೇ ರುಚಿಸಿತು. ಟೈಲ್ಸಿಗೆ ಆಸಿಡ್ಡಿನಿಂದ ಅಷ್ಟೇನೂ ಆಗುವುದಿಲ್ಲ, ಆದರೆ ನಡುವೆ ತುಂಬಿರುವುದು ಸಿಮೆಂಟು, ಹುಳಿ ಹಲ್ಲನ್ನು ತಿಂದಂತೆ ಅದನ್ನು ತಿಂದುಹಾಕುತ್ತದೆ ಎಂದರು. ಮೊದಮೊದಲು ಬೆಳ್ಳಗಾಗುವುದು ಮೇಲಿನ ಪದರ ಹೋಗುತ್ತಿರುವುದಕ್ಕೇ. ಆಮೇಲೆ ತೂತು. ತೂತಿನಲ್ಲಿ ನೀರು.

"ತುಂಬಿಸ್ಬೇಕಾದ್ರೆ ಹುಳುಕು ಪೂರ್ತಿ ಕೆರೆದು ತೆಗೀರಿ," ಎಂದರು ಡಾಕ್ಟರು, ಎರಡೂ ಕೈ ಸ್ಟೇರಿಂಗ್ ಬಿಟ್ಟು ತೋರಿಸುತ್ತ. "ಹಳೇದರ ಮೇಲೆ ಹೊಸದು ಮೆತ್ತಿದ್ರೆ ನಿಲ್ಲಲ್ಲ."

ಸೊಸೆ ಬ್ರೇಕ್ ಒತ್ತಿದಳು. ಮುಂದೆ ಹಾಲಿನ ಗಾಡಿ ನಿಂತಿತ್ತು.

ಸಂಜೆ ಮನೆಗೆ ಬಂದು ಅಡುಗೆಕೋಣೆಯಲ್ಲಿ ಮೊಣಕಾಲೂರಿ ನೋಡಿದರೆ ಡಾಕ್ಟರ ಮಾತು ಸುಳ್ಳಾಗಿರಲಿಲ್ಲ. ಮೋರಿಯ ಹತ್ತಿರ, ಒಲೆಯ ಕೆಳಗೆ, ಸಂದುಗಳು ಉಗುರು ಮುಳುಗುವಷ್ಟು ಇಳಿದಿದ್ದವು. ಒಂದೆರಡು ಕಡೆ ಸಿಮೆಂಟೇ ಇರಲಿಲ್ಲ. ತಲೆಪಿನ್ನು ತೂರಿಸಿದರೆ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಯಿತು. ಇಷ್ಟು ದಿನ ಇದರ ಮೇಲೇ ನಿಂತು ಅಡುಗೆ ಮಾಡಿದ್ದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನೆಲ ಅಷ್ಟು ಚೊಕ್ಕಟವಾಗಿತ್ತು.

ಈಗ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, ತಾನಂತೂ ಕಟ್ಟುವುದಿಲ್ಲ ಎಂದ. ಹೆತ್ತ ತಾಯಿಗೆ ನೀನು ನೆಲ ತೊಳೆಯುವುದು ತಪ್ಪು ಎನ್ನುವುದೂ ಒಂದೇ, ನೀನು ಉಸಿರಾಡುವುದು ತಪ್ಪು ಎನ್ನುವುದೂ ಒಂದೇ ಎಂಬುದು ಅವನ ವಾದ. ದಿನವಿಡೀ ಅಪರಿಚಿತರಿಗೆ ಅವರ ತಪ್ಪು ತೋರಿಸಿ ಸಂಬಳ ತೆಗೆದುಕೊಳ್ಳುವವಳು ನೀನು, ನೀನೇ ಹೇಳು ಎಂದ. ಸೊಸೆಗೆ ಅದು ಬಿಸಿ ತುಪ್ಪವಾಯಿತು. ಅತ್ತೆ ಕೆಟ್ಟವರಾಗಿದ್ದರೆ ಮಾತು ಸುಲಭವಿತ್ತು. ಅವಳು ಕೆಲಸಕ್ಕೆ ಹೋಗಲೆಂದು ಬೆಳಗಿನ ತಿಂಡಿ, ಪಾತ್ರೆ, ಬಟ್ಟೆ ಎಲ್ಲವನ್ನೂ ತಲೆಯ ಮೇಲೆ ಹೊತ್ತಿದ್ದವರು ಆಕೆಯೇ. ಅಂಥವರ ಒಂದೇ ಒಂದು ಹೆಮ್ಮೆಗೆ ಕೈ ಹಾಕುವುದು ಹೇಗೆ?

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗಂಡಹೆಂಡಿರು ಸೇರಿ ಒಂದು ಹೊಸ ಮಾಪ್ ತಂದುಕೊಟ್ಟರು. ಹಿಂಡಿ ಒರೆಸುವಂಥದ್ದು, ಬೊಗಸೆ ನೀರು ಸಾಕು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬಹಳ ಮೆಚ್ಚಿಕೊಂಡರು. ಮಾರನೇ ದಿನ ಅದರಿಂದ ಮನೆಯ ಜೇಡರ ಬಲೆಯೆಲ್ಲ ತೆಗೆದು, ಬಿದ್ದ ಕಸಕ್ಕೆಂದು ಒಂದು ಬಕೆಟ್ ನೀರು ಹೆಚ್ಚಿಗೇ ಸುರಿದರು. ಆಮೇಲೆ ಗಂಡ ನೀರಿನ ಸರಬರಾಜು ಕಡಿಮೆಯಾಗಲಿದೆಯಂತೆ ಎಂದು ಒಂದು ಸುದ್ದಿ ಹುಟ್ಟಿಸಿದ. ಅತ್ತೆ ಮನೆಯಲ್ಲಿದ್ದ ಡ್ರಮ್ಮು, ಕೊಡ, ಪಾತ್ರೆಗಳನ್ನೆಲ್ಲ ತುಂಬಿಸಿಟ್ಟರು. ನೀರು ನಿಲ್ಲಲಿಲ್ಲ. ಹಳಸೀತು ಎಂದು ತುಂಬಿಟ್ಟದ್ದನ್ನೆಲ್ಲ ನೆಲಕ್ಕೇ ಚೆಲ್ಲಿದರು. ಆ ದಿನ ಟೈಲರ್ ಎರಡನೇ ಕೊಡೆ ಕಟ್ಟಿದ.

ಹೀಗಿರುವಾಗ ಅತ್ತೆಯ ತಂಗಿ ಫೋನು ಮಾಡಿ, ಒಬ್ಬಳೇ ಇದ್ದೇನೆ, ಒಂದು ವಾರ ಬಂದು ಇದ್ದು ಹೋಗು ಅಕ್ಕ ಎಂದು ಕರೆದಳು. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಅತ್ತೆಯ ಚೀಲವನ್ನು ಮಗನೇ ಕಟ್ಟಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಕೂರಿಸಿ ಬಂದ.

ಸೊಸೆ ರಜೆ ಹಾಕಿದಳು. ಹಾರ್ಡ್‌ವೇರ್ ಅಂಗಡಿಯವನು ಸಂದಿಗೆ ತುಂಬುವ ಗ್ರೌಟ್ ಪುಡಿಯ ಚೀಲ, ಹಳೇ ಸಿಮೆಂಟು ಕೆರೆಯುವ ಮೊನೆ, ಅಂಗೈ ಅಗಲದ ರಬ್ಬರ್ ಕರಣೆ ಕೊಟ್ಟು, ಕಲಸಿದ್ದು ಪೇಸ್ಟಿನ ಹದಕ್ಕಿರಲಿ, ನೀರು ಜಾಸ್ತಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ ಎಂದು ಹೇಳಿಕಳಿಸಿದ. ಕೇಳುವಾಗ ಎಲ್ಲ ಸಲೀಸು. ಕೆರೆಯಲು ಕೂತಾಗ ಗೊತ್ತಾಯಿತು, ಸಂದಿಗೆ ಕೊನೆಯೇ ಇಲ್ಲ. ಒಂದು ಗೆರೆ ಹಿಡಿದು ಹೊರಟರೆ ಅದು ಫ್ರಿಜ್ಜಿನ ಕೆಳಗೆ ನುಗ್ಗಿ, ಗೋಡೆಗೆ ಮೂತಿ ತಾಗಿಸಿ, ಅವಳನ್ನು ಪಕ್ಕದ ಗೆರೆಗೆ ಒಪ್ಪಿಸಿ ವಾಪಸು ಕಳಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಕೆಂಪಾಯಿತು, ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತು, ಮೂಗಿನ ತುಂಬ ಸಿಮೆಂಟು. ಗಂಡ ಊಟಕ್ಕೆ ಬಂದವನು ಸಹಾಯ ಮಾಡುತ್ತೇನೆಂದು ಕೂತು, ಒಂದು ಟೈಲ್ಸಿನ ಮೂಲೆ ಹಾರಿಸಿ, ಅಂಗಡಿಗೆ ಗಿರಾಕಿ ಬರುವ ಹೊತ್ತಾಯಿತೆಂದು ಎದ್ದುಹೋದ.

ಮಾರನೇ ದಿನ ಪುಡಿ ಗುಡಿಸಿ, ಸಂದುಗಳನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಚೊಕ್ಕ ಮಾಡಿ, ಗ್ರೌಟ್ ಕಲಸಿ ತುಂಬತೊಡಗಿದಳು. ಇದು ಅವಳಿಗೆ ಹಿಡಿಸಿತು. ಕರಣೆಯನ್ನು ಓರೆಯಾಗಿ ಎಳೆದರೆ ಮೆತ್ತನೆಯ ಗ್ರೌಟ್ ಸಂದಿನೊಳಗೆ ಗುಳಕ್ಕನೆ ಇಳಿದು, ಗೆರೆ ತುಂಬಿ ಸಮನಾಗುತ್ತಿತ್ತು. ಹಾಡು ಗುನುಗುತ್ತ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದೇ ಉಸಿರಿಗೆ ತುಂಬಿಬಿಟ್ಟಳು. ಅಲ್ಲಲ್ಲೇ ಒದ್ದೆ ಸ್ಪಂಜಿನಿಂದ ಒರೆಸುತ್ತ ಬರಬೇಕು ಎಂದು ಅಂಗಡಿಯವನು ಹೇಳಿದ್ದು ಬಾಗಿಲ ಹತ್ತಿರ ಬಂದಾಗ ನೆನಪಾಯಿತು. ಹಿಂದಿರುಗಿ ನೋಡಿದರೆ ನೆಲದ ಮೇಲೆಲ್ಲ ಬಿಳಿ ಪೊರೆ ಕಟ್ಟಿತ್ತು. ಟೈಲ್ಸ್ ಯಾವುದು, ಸಂದು ಯಾವುದು ಗೊತ್ತಾಗದಂತೆ ಅಡುಗೆಕೋಣೆ ಮುಖಕ್ಕೆ ಪೌಡರ್ ಬಳಿದುಕೊಂಡು ಕೂತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೈ, ಕಾಲು, ತಲೆಗೂದಲು ಎಲ್ಲ ಕೆಸರಾಗಿ ಮೊಸರಿನ ಸುಳಿವೇ ಇರಲಿಲ್ಲ.

ಅದೇ ಹೊತ್ತಿಗೆ ಬಾಗಿಲ ಬೀಗ ತಿರುಗಿತು. ಗಂಡ ಬೇಗ ಬಂದನೆಂದುಕೊಂಡು, ಅಲ್ಲೇ ನಿಲ್ಲಿ, ಒಳಗೆ ಕಾಲಿಡಬೇಡಿ ಎಂದಳು. ತಲೆಯೆತ್ತಿದರೆ ಅತ್ತೆ. ಚೀಲ ಕೈಯಲ್ಲೇ ಇತ್ತು.

ವಾರಕ್ಕೆಂದು ಹೋದವರು ಎರಡೇ ದಿನಕ್ಕೆ ಬಂದಿದ್ದರು. ಅತ್ತೆ ನೆಲ ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ನೆಲ ನೋಡಿದರು. ಹಿಟ್ಟಿನ ಡಬ್ಬ ಬಿತ್ತಾ ಎಂದು ಕೇಳಿದರು. ಹೌದು ಎಂಬ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅತ್ತೆಯ ಮುಖದಲ್ಲಿ ಎಂದಿನ ಗತ್ತು ಇರಲಿಲ್ಲ. ಬಾಡಿದ ಸೊಪ್ಪಿನ ಹಾಗಿತ್ತು. ಅವರು ಹೊಸಿಲಲ್ಲೇ ಕುಕ್ಕರಿಸಿ ಕೂತು, ತಾವಾಗಿಯೇ ಹೇಳತೊಡಗಿದರು. ತಂಗಿಯ ಮನೆಯ ನೆಲ ನೋಡಲಾಗುತ್ತಿರಲಿಲ್ಲ. ಅವಳು ಪೇಟೆಗೆ ಹೋದಾಗ ಎಲ್ಲ ಕೋಣೆಗೂ ನೀರು ಹಾಕಿ ತೊಳೆದಿಟ್ಟರು. ಬಂದವಳು ಖುಷಿಪಡುವ ಬದಲು ಅತ್ತುಬಿಟ್ಟಳು.

"ನೀನು ಬಂದ್ರೆ ನನ್ನ ಮನೆ ನನ್ನದು ಅನ್ಸಲ್ಲ ಅಕ್ಕ ಅಂದ್ಲು," ಎಂದರು ಅತ್ತೆ. "ಎಷ್ಟೋ ವರ್ಷದಿಂದ ಹೇಳ್ಬೇಕು ಅಂತಿದ್ಳಂತೆ. ಹೇಳೋಕೆ ಭಯವಂತೆ. ನಾನೇನು ಹುಲಿನಾ?"

ಸೊಸೆ ಹಾಗೇ ಮೊಣಕಾಲ ಮೇಲೆ ಕೂತಿದ್ದಳು. ಕಲಿಯುವವರಿಗೆ ಅವಳು ಹೇಳುತ್ತಿದ್ದ ಮಾತೊಂದಿತ್ತು: ತಿರುವಿನ ಹತ್ತಿರ ಬಂದ ಮೇಲೆ ಹಾರ್ನ್ ಮಾಡಿ ಪ್ರಯೋಜನವಿಲ್ಲ, ಮೊದಲೇ ಮಾಡಬೇಕು. ಮೊದಲು ಮಾಡುವ ಹೊತ್ತು ಕಳೆದುಹೋಗಿತ್ತು. ಈಗಾದರೂ ಮಾಡೋಣವೆಂದು ಬಾಯಿ ತೆರೆದಳು. ಸಂದು ಇಳಿದದ್ದು, ಆಸಿಡ್ಡು ತಿಂದದ್ದು, ನೀರು ಕೆಳಗೆ ಹೋಗುವುದು, ಟೈಲರ್ ಕೊಡೆ ಕಟ್ಟಿದ್ದು, ಮಾಪ್ ತಂದದ್ದು, ನೀರು ನಿಲ್ಲುತ್ತದೆಂಬ ಸುಳ್ಳು, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದಳು. ಕೊನೆಗೆ, "ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅತ್ತೆ," ಎಂದಳು.

ಅತ್ತೆ ಎದ್ದು, ಚೀಲ ಅಲ್ಲೇ ಬಿಟ್ಟು, ಕೆಳಗಿಳಿದು ಹೋದರು. ಸೊಸೆ ಕೈಗೆ ಮೆತ್ತಿದ ಗ್ರೌಟನ್ನೂ ತೊಳೆಯದೆ ಹಿಂದೆಯೇ ಓಡಿದಳು.

ಟೈಲರ್ ಬಾಗಿಲು ತೆಗೆದವನು ಅತ್ತೆಯನ್ನು ಕಂಡು ಅಳತೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅತ್ತೆ ಒಳಗೆ ಹೋಗಿ ತಲೆಯೆತ್ತಿದರು. ಎರಡು ಕೊಡೆ. ಒಂದರ ಅಂಚಿಗೆ ರಬ್ಬರ್ ಪೈಪು ಸಿಕ್ಕಿಸಿ ಕಿಟಕಿಯಾಚೆ ಬಿಟ್ಟಿದ್ದ. ಮೂಲೆಯ ಗೂಟದಲ್ಲಿ ಒಂದು ಕೋಟು ನೇತಾಡುತ್ತಿತ್ತು. ಅದರ ಬಿಳಿ ಒಳಬಟ್ಟೆಯ ಮೇಲೆ ಕಂದು ಕಲೆ. ಗಿರಾಕಿಗೆ ತಿಳಿಯದ ಹಾಗೆ ಬಿಚ್ಚಿ ಹೊಸ ಒಳಬಟ್ಟೆ ಹಾಕಲು ಇಟ್ಟುಕೊಂಡಿದ್ದಾಗಿ ಟೈಲರ್ ಅಳುಕುತ್ತ ಹೇಳಿದ. ಎಷ್ಟು ದಿನದಿಂದ ಸೋರುತ್ತಿದೆ ಎಂದು ಅತ್ತೆ ಕೇಳಿದ್ದಕ್ಕೆ, ಚಳಿ ಶುರುವಾದಾಗಿನಿಂದ ಎಂದ. ಮೇಲೆ ಬಂದು ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ ಮಾತ್ರ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದ.

"ಬಂದಿದ್ದೆ ಅಮ್ಮಾವ್ರೇ, ಎರಡು ಸಲ. ನೀವು ಬಾಗಿಲು ತೆಗೆದು ಮೊದಲು ನನ್ನ ಕಾಲು ನೋಡಿದ್ರಿ. ಧೂಳಿತ್ತು. ಹಾಗೇ ವಾಪಸ್ ಬಂದೆ."

ಸೊಸೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಕೊಡೆಯನ್ನೇ ನೋಡುತ್ತಿದ್ದರು. ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಸೊಸೆ ಹತ್ತಿರ ಹೋದಳು. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಮನೆಯೊಳಗೆ ಕೊಡೆ ಹಿಡಿಸಿದ ಪುಣ್ಯಾತ್ಗಿತ್ತಿ ನಾನೊಬ್ಬಳೇ ಇರಬೇಕು ಎಂದರು. ಟೈಲರ್ ನಗಬೇಕೋ ಬೇಡವೋ ತಿಳಿಯದೆ ಕುರ್ಚಿ ಎಳೆದುಕೊಟ್ಟ. ಅತ್ತೆ ಕೂರಲಿಲ್ಲ. ಸೀಲಿಂಗಿಗೆ ಬಣ್ಣ ಹೊಡೆಸಿಕೊಡುವುದು ನಮ್ಮ ಜವಾಬ್ದಾರಿ, ಆ ಕೋಟಿನ ಬಟ್ಟೆಯೂ ನಮ್ಮದೇ, ಇನ್ನುಮೇಲೆ ಹೇಳಬೇಕಾದ್ದಿದ್ದರೆ ಧೂಳುಗಾಲಲ್ಲೇ ಬಂದು ಹೇಳಬೇಕು ಎಂದು ಅಪ್ಪಣೆ ಮಾಡಿ ಮೇಲೆ ಬಂದರು.

ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟರು. ಬಾಡಿದ ಸೊಪ್ಪಿಗೆ ನೀರು ಬಿದ್ದಂತಾಗಿತ್ತು.

"ಒಣ ಬಟ್ಟೆ ಕೊಡು. ಒದ್ದೇದು ಬೇಡ, ಒಣಗಿದ್ದು. ಸಂದು ಮುಟ್ಬೇಡ, ಟೈಲ್ಸ್ ಮೇಲಷ್ಟೇ ಉಜ್ಜು."

ವಾರ್ಡಿನ ನೆಲದಲ್ಲಿ ಸಂದೇ ಇರಲಿಲ್ಲವಂತೆ, ಗೋಡೆಯಿಂದ ಗೋಡೆಗೆ ಒಂದೇ ಹಾಸು. ಅದಕ್ಕೇ ಎಷ್ಟು ನೀರು ಸುರಿದರೂ ನಡೆಯುತ್ತಿತ್ತು ಎಂದು ಅತ್ತೆ ಉಜ್ಜುತ್ತ ಉಜ್ಜುತ್ತ ಹೇಳಿದರು. ಆ ನೆಲದ ಅಭ್ಯಾಸವನ್ನು ಈ ನೆಲದ ಮೇಲೆ ಹೇರಿದೆ ನೋಡು ಎಂದು ತಮ್ಮನ್ನೇ ಬೈದುಕೊಂಡರು. ಪೊರೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದು ಟೈಲ್ಸ್ ಹೊಳೆಯುವ ಹೊತ್ತಿಗೆ ತೋಳು ಸೋಲುತ್ತಿತ್ತು. ಗಂಡ ಅಂಗಡಿ ಮುಚ್ಚಿ ಬಂದಾಗ ಅತ್ತೆ ಸೊಸೆ ಇಬ್ಬರೂ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಎದುರುಬದುರು ಕೂತು, ಯಾರ ಮೂಲೆ ಹೆಚ್ಚು ಹೊಳೆಯುತ್ತದೆ ಎಂದು ಜಗಳವಾಡುತ್ತಿದ್ದರು. ಅವನು ಏನೊಂದೂ ಕೇಳದೆ, ಹೊರಗಿಂದ ಬ್ರೆಡ್ಡು, ಮೊಟ್ಟೆ ತಂದು, ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಊಟದ ವ್ಯವಸ್ಥೆ ಮಾಡಿದ. ತಾಯಿ ಅವನಿಗೆ ಮುಕ್ಕಾದ ಟೈಲ್ಸಿನ ಮೂಲೆ ತೋರಿಸಿ, ಇದು ಯಾರ ಕೈಗುಣ ಎಂದರು. ಅವನು ಕನ್ನಡಕ ಒರೆಸಿಕೊಂಡ.

ಗ್ರೌಟ್ ಗಟ್ಟಿಯಾಗಲು ಕೆಲವು ದಿನ ನೆಲಕ್ಕೆ ನೀರು ತಾಗಿಸಬಾರದಿತ್ತು. ಅಷ್ಟು ದಿನ ಅತ್ತೆ ಚಹಾ ಬಿಟ್ಟವರ ಹಾಗೆ ಓಡಾಡಿದರು. ಬೆಳಿಗ್ಗೆ ಎದ್ದು ಬಕೆಟ್ಟಿನ ಹತ್ತಿರ ಹೋಗುವುದು, ಅದನ್ನು ಸ್ವಲ್ಪ ಸರಿಸಿ ಇಡುವುದು, ವಾಪಸು ಬರುವುದು. ಕೈ ಸುಮ್ಮನಿರದೆ ಕಿಟಕಿ ಒರೆಸಿದರು, ಮಗನ ಅಂಗಡಿಗೆ ಹೋಗಿ ಕನ್ನಡಕಗಳನ್ನೆಲ್ಲ ಒರೆಸಿದರು. ಕೊನೆಗೆ ಕೆಳಗಿನ ಮನೆಯ ಸೀಲಿಂಗಿಗೆ ಬಣ್ಣ ಹೊಡೆಯಲು ತಾವೇ ಏಣಿ ಹತ್ತಲು ಹೊರಟಾಗ ಮಗ ಅಡ್ಡಬಂದು ಬ್ರಶ್ ಕಸಿದುಕೊಂಡ. ಅವನು ಬಣ್ಣ ಹೊಡೆದ, ಟೈಲರ್ ಏಣಿ ಹಿಡಿದ, ಅತ್ತೆ ಕೆಳಗೆ ಕುರ್ಚಿಯಲ್ಲಿ ಕೂತು ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ಬೆರಳು ತೋರಿಸಿದರು.

ಒಣಗಿದ ಮೇಲೆ ನೆಲ ಒರೆಸುವ ಹೊಸ ಕ್ರಮ ಬಂತು. ಒಂದು ಬಕೆಟ್ಟಿನಲ್ಲಿ ಚೂರೇ ಚೂರು ಸೋಪು ನೀರು, ಇನ್ನೊಂದರಲ್ಲಿ ಬರೀ ನೀರು, ಚೆನ್ನಾಗಿ ಹಿಂಡಿದ ಮಾಪ್. ಎಣ್ಣೆ ಬಿದ್ದ ಸಂದಿಗೆ ಮೆತ್ತನೆಯ ಬ್ರಶ್. ಆಸಿಡ್ಡಿನ ಬಾಟಲಿ ಪಾಯಿಖಾನೆ ಬಿಟ್ಟು ಹೊರಬರುವ ಹಾಗಿಲ್ಲ. ನಿಯಮ ಮಾಡಿದವರು ಅತ್ತೆಯೇ; ಮುರಿಯುತ್ತಿದ್ದವನು ಮಗ. ಟೈಲರ್ ಮೊದಮೊದಲು ಬೆಳಿಗ್ಗೆ ಅಭ್ಯಾಸಬಲದಿಂದ ಮೆಷಿನ್ನನ್ನು ಗೋಡೆಗೆ ತಳ್ಳುತ್ತಿದ್ದ. ಆಮೇಲೆ ಕೊಡೆಗಳನ್ನು ಇಳಿಸಿದ.

ತಂಗಿಗೆ ಫೋನು ಮಾಡಲು ಮಾತ್ರ ಅತ್ತೆ ಬಹಳ ದಿನ ತೆಗೆದುಕೊಂಡರು. ಮಾಡಿದಾಗ, ನೀನೇ ಬಾ ಎಂದಷ್ಟೇ ಹೇಳಿದರು. ಅವಳು ಬಂದಳು. ಅಡುಗೆಕೋಣೆಯ ಮೇಜಿನ ಹತ್ತಿರ ಅಕ್ಕತಂಗಿಯರು ಕೂತಿದ್ದರು, ಸೊಸೆ ಲೋಟಗಳಿಗೆ ಚಹಾ ಸುರಿಯುತ್ತಿದ್ದಳು. ತಂಗಿ ಮಾತಿನ ಭರದಲ್ಲಿ ಕೈ ಬೀಸಿದಾಗ ಲೋಟ ಉರುಳಿ ಚಹಾ ನೆಲದ ಪಾಲಾಯಿತು. ಹೊಸ ಸಂದುಗಳ ಗುಂಟ ಅದು ಸರಸರ ಹರಿಯಿತು. ಮೂವರೂ ಅದನ್ನೇ ನೋಡಿದರು.

"ಇರ್ಲಿ ಬಿಡು," ಎಂದರು ಅತ್ತೆ. "ನೀನು ಹೇಳ್ತಿದ್ದದ್ದು ಹೇಳು."

ತಂಗಿ ಅಕ್ಕನ ಮುಖ ನೋಡಿದಳು, ನಂಬದೆ ಇನ್ನೊಮ್ಮೆ ನೋಡಿದಳು, ಆಮೇಲೆ ಪಕ್ಕದ ಮನೆಯ ಮದುವೆಯ ಕಥೆ ಮುಂದುವರಿಸಿದಳು. ಅತ್ತೆ ಹೂಂಗುಟ್ಟುತ್ತ ಕೇಳಿದರು. ಕಣ್ಣು ತಂಗಿಯ ಮೇಲಿತ್ತು, ಕಾಲ ಹೆಬ್ಬೆರಳು ಮಾತ್ರ ಮೇಜಿನ ಕೆಳಗೆ ಕುಣಿಯುತ್ತಿತ್ತು. ಕಥೆಯಲ್ಲಿ ಮದುಮಗ ಬರುವವರೆಗೂ ತಡೆದರು. ಹುಡುಗಿಯ ಕಡೆಯವರು ಬಂದಿಳಿಯುವಷ್ಟರಲ್ಲಿ ಎದ್ದು, ಹಿಂಡಿದ ಬಟ್ಟೆ ತಂದು, ಬಗ್ಗಿ ಒಂದೇ ಎಳೆತಕ್ಕೆ ಒರೆಸಿ, ಕೂತು, "ಆಮೇಲೆ?" ಎಂದರು. ತಂಗಿಗೆ ನಗು ತಡೆಯಲಾಗಲಿಲ್ಲ. ಸೊಸೆ ಖಾಲಿಯಾದ ಲೋಟಕ್ಕೆ ಇನ್ನೊಮ್ಮೆ ಚಹಾ ಸುರಿದಳು.